ಮುಟ್ಟು ನಿಂತವಳು ಉಪ್ಪು ನೆಕ್ಕುತ್ತಿದ್ದಳು

ಅಕ್ಕಂದಿರೇ, ಹಿಂದಿನ ಸಾಲಿನಲ್ಲಿ ಬಾಗಿಲ ಹತ್ತಿರ ಕೂತಿರುವ ನಾಲ್ಕು ಜನ ಅಣ್ಣಂದಿರೇ, ಎದ್ದು ಹೋಗಬೇಡಿ. ನಿಮಗೂ ಬೇಕಾದ ಮಾತೇ ಇದು.

ಕಳೆದ ಸಲ ಬಾಗಲಕೋಟೆಗೆ ಬಂದಾಗ ಒಬ್ಬ ಅಜ್ಜಿ ನನ್ನ ಕೈ ಹಿಡಿದು, "ಸಣ್ಣ ವಯಸ್ಸಿಗೆ ಮುಟ್ಟು ನಿಂತ್ರ ಅದು ಶಾಪ ಅಲ್ರೇನವ್ವಾ?" ಎಂದರು. ಶಾಪ ಅಲ್ಲ. 40 ವರ್ಷಕ್ಕೆ ಮೊದಲೇ ಅಂಡಾಶಯ ಸೋಲುವುದು ಹಳೆಯ ಲೆಕ್ಕದಲ್ಲಿ ನೂರಕ್ಕೆ ಒಬ್ಬರಿಗೆ. ಈಚಿನ ಲೆಕ್ಕ ಇನ್ನೂ ಜಾಸ್ತಿ, ಮೂವರನ್ನು ದಾಟುತ್ತದೆ. ಕಾರಣ ಬಹಳ ಸಲ ಸಿಗುವುದೇ ಇಲ್ಲ. ಆದರೆ ಕೆಲವರಲ್ಲಿ, ರೋಗದ ಮೇಲೆ ಬೀಳಬೇಕಾದ ದೇಹದ ರಕ್ಷಣೆಯೇ ಅಂಡಾಶಯದ ಮೇಲೆ ಬೀಳುತ್ತದೆ. ಇದನ್ನೇ ಆಟೋಇಮ್ಯೂನ್ ಅನ್ನುತ್ತೇವೆ. ಮನೆ ಕಾಯುವ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ. ಹಾಗೆ ಕಚ್ಚುವ ನಾಯಿ ಒಬ್ಬರನ್ನೇ ಕಚ್ಚಿ ಸುಮ್ಮನಿರುತ್ತದಾ? ಇದೇ ನನ್ನ ತಕರಾರು.

ಇಳಕಲ್ ಕಡೆಯ ಒಬ್ಬಳು. 31 ವರ್ಷ, ದಿನವಿಡೀ ಮನೆಯೊಳಗೆ ರಾಟೆ ಮುಂದೆ ಕೂತು ಮಗ್ಗಕ್ಕೆ ನೂಲು ಸುತ್ತುವವಳು. "ಎಂಟು ತಿಂಗಳಾತ್ರಿ, ಹೊರಗಾಗಿಲ್ಲ" ಎಂದಳು. ಅಂಡಾಶಯ ಸೋತಾಗ ಏರುವ ಎಫ್‌ಎಸ್‌ಎಚ್ ಹಾರ್ಮೋನ್ ಏರಿತ್ತು, ಥೈರಾಯ್ಡ್ ಕಡಿಮೆ ಇತ್ತು. ಥೈರಾಯ್ಡ್ ಮಾತ್ರೆ ಬರೆದು ಕಳಿಸಿದೆ. ಜಾಣತನ ಮಾಡಿದೆ ಅಂದುಕೊಂಡಿದ್ದೆ!

ಎರಡೇ ವಾರಕ್ಕೆ ಅತ್ತೆ ಅವಳನ್ನು ಹೊತ್ತು ತಂದರು. ವಾಂತಿ, ಬಿಪಿ ನೆಲ ಹಿಡಿದಿತ್ತು. ಸಲೈನ್ ಹಚ್ಚುತ್ತಾ ಅಂಗೈ ನೋಡಿದೆ. ಗೆರೆಗಳೆಲ್ಲ ಮಸಿ ಬಳಿದ ಹಾಗೆ ಕಪ್ಪು. ಒಸಡೂ ಕಪ್ಪು. ನೆರಳಲ್ಲಿ ಕೂರುವವಳು, ಬಿಸಿಲಿಗೆ ಒಸಡು ಕಪ್ಪಾಗುತ್ತಾ? ಅತ್ತೆ ಬೈಯುತ್ತಲೇ ಇದ್ದರು: "ರೊಟ್ಟಿ ಬಿಟ್ಟು ಉಪ್ಪಿನಕಾಯಿ ರಸಾನೇ ನೆಕ್ತಾಳ್ರಿ, ಕೈಯಾಗ ಹರಳುಪ್ಪು ಇಟ್ಕೊಂಡು ತಿಂತಾಳ!"

ಆ ಬೈಗುಳದಲ್ಲೇ ರೋಗದ ಹೆಸರಿತ್ತು. ಅಡಿಸನ್. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ಸೋತು, ದೇಹದ ಉಪ್ಪು ಮೂತ್ರದಲ್ಲಿ ಹೋಗುತ್ತಿತ್ತು. ಆ ಕಪ್ಪು ಬಣ್ಣ 1855ರಲ್ಲೇ ವೈದ್ಯ ಥಾಮಸ್ ಅಡಿಸನ್ ಬರೆದಿಟ್ಟ ಲಕ್ಷಣ. ನಾನು ಕೈ ನೋಡಿರಲಿಲ್ಲ ಅಷ್ಟೆ. ಅಡ್ರಿನಲ್ ಸೋತವರಿಗೆ, ಆ ಗ್ರಂಥಿ ಮಾಡಬೇಕಿದ್ದ ಸ್ಟಿರಾಯ್ಡ್ ಹಾರ್ಮೋನ್ ಕೊಡದೆ ಥೈರಾಯ್ಡ್ ಮಾತ್ರೆ ಶುರು ಮಾಡಿದರೆ ಪ್ರಾಣಕ್ಕೇ ಸಂಚಕಾರ. ಮೊದಲು ಸ್ಟಿರಾಯ್ಡ್, ಆಮೇಲೆ ಥೈರಾಯ್ಡ್. ಹಾಗೆ ಮಾಡಿದ ಮೇಲೆ ಅವಳು ಎದ್ದು ಕೂತಳು. ಅತ್ತೆಯೂ ಬೈಯುವುದು ನಿಲ್ಲಿಸಿದರು, ಸ್ವಲ್ಪ ದಿನ.

ಅಂಡಾಶಯ, ಅಡ್ರಿನಲ್ ಎರಡರಲ್ಲೂ ಸ್ಟಿರಾಯ್ಡ್ ಹಾರ್ಮೋನ್ ಮಾಡುವ ಜೀವಕೋಶಗಳಿವೆ, ದೇಹದ ರಕ್ಷಣೆ ಹರಿಬಿಡುವ ಒಂದೇ ಪ್ರತಿಕಾಯ (ಆಂಟಿಬಾಡಿ) ಎರಡಕ್ಕೂ ತಾಗಬಹುದು. ಅದಕ್ಕೇ ಹೇಳುವುದು, ಮುಟ್ಟು ಬೇಗ ನಿಂತರೆ ಅಂಡಾಶಯ ಒಂದನ್ನೇ ನೋಡಿ ಮುಗಿಸಬೇಡಿ. ಥೈರಾಯ್ಡ್ ನೋಡಿ. ಅಡ್ರಿನಲ್‌ಗೆ 21-ಹೈಡ್ರಾಕ್ಸಿಲೇಸ್ ಪ್ರತಿಕಾಯದ ಪರೀಕ್ಷೆ ಇದೆ. ಸಕ್ಕರೆಯನ್ನೂ ನೋಡಿ. ಎಲ್ಲರಿಗೂ ಅಡಿಸನ್ ಇರುವುದಿಲ್ಲ, ಕೆಲವರಿಗಷ್ಟೇ. ಥೈರಾಯ್ಡ್ ತೊಂದರೆಯೇ ಹೆಚ್ಚು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, "ಐದು ನಿಮಿಷ". ಮೂಳೆ, ಹೃದಯದ ಮಾತು ಬಾಕಿ ಉಳಿಯಿತು. ಸಾಮಾನ್ಯವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೂ ಹಾರ್ಮೋನ್ ಮಾತ್ರೆ ಬೇಕು, ಹೆದರಿ ಬಿಡಬೇಡಿ. ಇನ್ನೊಂದು, ನೂರಕ್ಕೆ ಐದರಿಂದ ಹತ್ತು ಜನ ತಾವಾಗಿಯೇ ಬಸಿರಾಗುತ್ತಾರೆ. ಅತ್ತೆಯರು ಕೇಳಿಸಿಕೊಂಡಿರಾ?

ಎದುರಿಗೆ ಕೇಳಲು ನಾಚಿಕೆಯಾದರೆ ಚಹಾ ಹೊತ್ತಿಗೆ ಚೀಟಿಯಲ್ಲಿ ಬರೆದು ಕೊಡಿ. ಹೆಸರು ಬೇಡ. ಅಂಗೈ ತೋರಿಸಿದರೂ ಸಾಕು.