ಮೇಷ್ಟ್ರಿಗೆ ಹೇಳ್ತೀನಿ ನೋಡು

ಕೇಳುಗರಿಗೆಲ್ಲ ನಮಸ್ಕಾರ.

ಅಂಗನವಾಡಿಗೋ ಒಂದನೇ ಕ್ಲಾಸಿಗೋ ಹೊಸದಾಗಿ ಸೇರಿದ ಮಗು ಬಾಗಿಲಲ್ಲೇ ನಿಂತು ಅಳುತ್ತದೆ. ಅಮ್ಮನನ್ನು ಬಿಟ್ಟಿರಲಾರದೆ ಅಳ್ತಾ ಇದೆ ಅಂದುಕೊಳ್ತೇವೆ. ಅದು ಅರ್ಧ ನಿಜ. ಇನ್ನರ್ಧ ನಮ್ಮ ಬಾಯಿಂದಲೇ ಬಂದದ್ದು. "ಊಟ ಮಾಡಲ್ವಾ? ಇರು, ಶಾಲೆಗೆ ಸೇರಿಸ್ತೀನಿ, ಅಲ್ಲಿ ಬುದ್ಧಿ ಕಲಿಸ್ತಾರೆ." "ಮೇಷ್ಟ್ರಿಗೆ ಹೇಳ್ತೀನಿ ನೋಡು." ಗುಮ್ಮನ ಜಾಗದಲ್ಲಿ ಮೇಷ್ಟ್ರನ್ನು ತಂದು ಕೂರಿಸಿ, ಆಮೇಲೆ ಅದೇ ಮೇಷ್ಟ್ರ ಕೈಗೆ ಮಗುವನ್ನು ಕೊಟ್ಟು "ಅಳಬೇಡ ಅಪ್ಪಿ" ಅಂದರೆ ಅದು ನಂಬುವುದಾದರೂ ಹೇಗೆ?

ಶಾಲೆಯವರೇನು ಕಡಿಮೆಯಿಲ್ಲ. ಮಗು ಸ್ವಲ್ಪ ತಂಟೆ ಮಾಡಿದರೆ ಸಾಕು, "ನಾಳೆ ನಿಮ್ಮಪ್ಪನ್ನ ಕರ್ಕೊಂಡು ಬಾ." ಮನೆಯವರು ಶಾಲೆಯನ್ನು ತೋರಿಸಿ ಹೆದರಿಸ್ತಾರೆ, ಶಾಲೆಯವರು ಮನೆಯನ್ನು ತೋರಿಸಿ ಹೆದರಿಸ್ತಾರೆ. ಮಗು ನಿಲ್ಲಬೇಕಾದ್ದು ಎಲ್ಲಿ?

ನಾನು ವರ್ಷಗಟ್ಟಲೆ ನಲಿ-ಕಲಿ ತರಗತಿಯಲ್ಲಿ, ಅಂದರೆ ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳು ಚಟುವಟಿಕೆ ಮಾಡ್ತಾ ನಲಿಯುತ್ತ ಕಲಿಯುವ ತರಗತಿಯಲ್ಲಿ, ಕೆಲಸ ಮಾಡಿದವಳು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿ ನಮ್ಮ ಮಲೆನಾಡಿನ ಸಣ್ಣ ಶಾಲೆಗಳಿಗೆ ಚೆನ್ನಾಗಿ ಹೊಂದುತ್ತದೆ. ಹತ್ತು ಹದಿನೈದು ಮಕ್ಕಳಿರುವ ಹಳ್ಳಿ ಶಾಲೆಯಲ್ಲಿ ಒಂದು, ಎರಡು, ಮೂರನೇ ತರಗತಿಯವರು ಹೇಗೂ ಒಂದೇ ಕೋಣೆಯಲ್ಲಿ ಕೂತಿರ್ತಾರಲ್ಲ! ಅಲ್ಲಿ ಮಕ್ಕಳು ಕೂರುವ ಗುಂಪುಗಳಿಗೆ ತಟ್ಟೆ ಅಂತಾರೆ. ಮೊದಲನೇ ತಟ್ಟೆಯಲ್ಲಿ ಶಿಕ್ಷಕರು ಪೂರ್ತಿ ಜೊತೆಗಿರ್ತಾರೆ, ಎರಡನೆಯದರಲ್ಲಿ ಸ್ವಲ್ಪ ಮಾತ್ರ. ಆಮೇಲೆ ಸಹಪಾಠಿಗಳ ಸಹಾಯ, ಅದೂ ಮೊದಲು ಪೂರ್ತಿ, ನಂತರ ಭಾಗಶಃ. ಐದನೇ ತಟ್ಟೆಗೆ ಬರುವ ಹೊತ್ತಿಗೆ ಮಗು ತಾನಾಗಿಯೇ ಮಾಡುತ್ತದೆ. ಅಕ್ಷರಕ್ಕೆ, ಲೆಕ್ಕಕ್ಕೆ ಇಷ್ಟೊಂದು ತಾಳ್ಮೆ ಇಟ್ಟುಕೊಂಡ ನಾವು ನಡತೆಗೆ ಮಾತ್ರ ಯಾಕೆ ಮೊದಲ ದಿನವೇ ಐದನೇ ತಟ್ಟೆಯನ್ನು ಕೇಳ್ತೇವೆ?

ಕಾಯುವುದನ್ನೂ ಹಂಚಿಕೊಳ್ಳುವುದನ್ನೂ ಕಲಿಯಬೇಕು, ಸಿಟ್ಟು ಬಂದಾಗ ಕೈ ಎತ್ತದೆ ಬಾಯಲ್ಲಿ ಹೇಳುವುದನ್ನೂ ಕಲಿಯಬೇಕು. ನಮ್ಮನ್ನು ನಾವು ತಡೆದುಕೊಳ್ಳಲು ನೆರವಾಗುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಮೂರು ವರ್ಷದ ಮಗು "ಈಗಲೇ ಬೇಕು" ಅಂತ ನೆಲಕ್ಕೆ ಬಿದ್ದು ಹೊರಳಾಡಿದರೆ ಅದು ಹಠಮಾರಿ ಅಂತ ತೀರ್ಮಾನ ಮಾಡಬೇಕಾಗಿಲ್ಲ. ಅದು ಇನ್ನೂ ಮೊದಲನೇ ತಟ್ಟೆಯಲ್ಲಿದೆ. ನೀವು ಪಕ್ಕದಲ್ಲಿ ಕೂರಬೇಕು. ಹಾಗಂತ ಕೇಳಿದ್ದನ್ನು ಕೊಟ್ಟುಬಿಡಬೇಡಿ, ಸುಮ್ಮನೆ ಕೂರಿ. ಅಪ್ಪ ಬೇಡ ಅಂದದ್ದನ್ನು ಅಜ್ಜಿ "ಪಾಪ, ಬಿಡು" ಅಂತ ಸೆರಗಿನ ಮರೆಯಲ್ಲಿ ಕೊಡುವ ಮನೆಗಳಲ್ಲಂತೂ ಮಗು ಇದನ್ನು ಕಲಿಯುವುದು ಬಲು ನಿಧಾನ. ಅಜ್ಜಿಯರು ಬೇಜಾರು ಮಾಡ್ಕೋಬಾರದು.

ಸುಳ್ಳಿನ ವಿಷಯಕ್ಕೆ ಬರ್ತೀನಿ, ತಾಯಂದಿರು ನನ್ನನ್ನು ಹೆಚ್ಚು ಕೇಳುವುದು ಇದನ್ನೇ. ಹಾಲಿನ ಲೋಟ ಉರುಳಿದೆ. ಉರುಳಿಸಿದ್ದು ಯಾರು ಅಂತ ನಿಮಗೆ ಗೊತ್ತು, ನೀವೇ ನೋಡಿದ್ದೀರಿ. ಆದರೂ ಕಣ್ಣು ಕೆಂಪು ಮಾಡಿ "ಯಾರು ಚೆಲ್ಲಿದ್ದು?" ಅಂತ ಕೇಳ್ತೀರಿ. ಮಗು ನಿಮ್ಮ ಮುಖ ನೋಡಿ "ಬೆಕ್ಕು" ಅನ್ನುತ್ತದೆ. ಆ ಸುಳ್ಳನ್ನು ಅದರ ಬಾಯಿಂದ ಎಳೆದು ತೆಗೆದವರು ನೀವು. ಗೊತ್ತಿದ್ದದ್ದನ್ನು ಕೇಳಬೇಡಿ. "ಹಾಲು ಚೆಲ್ಲಿತಲ್ಲ, ಒರೆಸೋ ಬಟ್ಟೆ ತಗೊಂಡು ಬಾ" ಅನ್ನಿ. ಅದು ಒರೆಸಿದ ಜಾಗ ಇನ್ನಷ್ಟು ಗಲೀಜಾಗಬಹುದು, ಆಗಲಿ. ಮಾಡಿದ್ದನ್ನು ಸರಿ ಮಾಡುವುದು ನನ್ನ ಕೆಲಸ ಅಂತ ಅದಕ್ಕೆ ಗೊತ್ತಾಗುವುದು ಆ ಗಲೀಜಿನಲ್ಲೇ. ಶಾಲೆಯಲ್ಲಿ ಪಕ್ಕದವನ ಪೆನ್ಸಿಲ್ ಚೀಲದೊಳಗೆ ಸೇರಿಕೊಂಡಾಗಲೂ ಇದೇ ದಾರಿ. ಎಲ್ಲರೆದುರು ನಿಲ್ಲಿಸಿ ಕಳ್ಳ ಅನ್ನಬೇಡಿ. "ಅವನದ್ದು ಅವನಿಗೆ ಕೊಟ್ಟು ಬಾ" ಅಂದರೆ ಸಾಕು.

"ಎರಡೇಟು ಹಾಕಿ ಮೇಡಂ, ನಾವೇನೂ ಕೇಳಲ್ಲ" ಅಂತ ಹೇಳುವ ತಂದೆತಾಯಿ ಈಗಲೂ ಇದ್ದಾರೆ. ನೀವು ಕೇಳದಿದ್ದರೂ ಕಾನೂನು ಕೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕಾನೂನನ್ನು ಪಕ್ಕಕ್ಕಿಟ್ಟು ನೋಡಿದರೂ, ಏಟು ತಿಂದ ಮಗು ಕಲಿಯುವುದು ಹೊಡೆಯುವವರು ಯಾವಾಗ ಇರುವುದಿಲ್ಲ ಅನ್ನುವುದನ್ನು.

ನಮ್ಮ ಕಡೆಯದೇ ಇನ್ನೊಂದು ಸಂಗತಿ ಇದೆ. ಅಡಿಕೆ ಗೊನೆ ಇಳಿಸುವ ಕೊನೆ ಕೊಯ್ಲು ಶುರುವಾದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಅಡಿಕೆ ಮನೆಗಳಲ್ಲಿ ರಾತ್ರಿ ಹಗಲಾಗುತ್ತದೆ. ಅಂಗಳದಲ್ಲಿ ದೀಪ, ಅಡಿಕೆ ಸುಲಿಯುವ ಮೆಟ್ಟುಗತ್ತಿ ಹಿಡಿದು ಕೂತವರ ಸಾಲು, ಕೆಲವು ಕಡೆ ಸುಲಿಯುವ ಯಂತ್ರದ ಗದ್ದಲ. ದೊಡ್ಡವರ ಕೈ ಖಾಲಿಯಿಲ್ಲ, ಹಾಗಾಗಿ ಮಗುವಿನ ಕೈಗೆ ಮೊಬೈಲ್. ಅದು ಮಲಗುವಾಗ ಹನ್ನೊಂದೂವರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಮೂರು ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಪರದೆ ಮುಂದೆ ಕೂರುವುದು ಒಂದು ಗಂಟೆ ಮೀರಬಾರದು. ಬೆಳಿಗ್ಗೆ ಏಳಕ್ಕೆ ಎಬ್ಬಿಸಿ ಕಳಿಸಿದ ಈ ಮಗು ಅಂಗನವಾಡಿಯಲ್ಲಿ ಯಾರನ್ನೋ ಕಚ್ಚಿತು ಅಂದರೆ ದೂರು ಬರುವುದು ಮಗುವಿನ ಮೇಲೆ. ಅದಕ್ಕೆ ಆಗ ಬೇಕಾದ್ದು ಬುದ್ಧಿವಾದವಲ್ಲ, ನಿದ್ದೆ. ಆ ದಿನಗಳಲ್ಲಿ ಮನೆಯ ಒಬ್ಬರಾದರೂ ಎಂಟೂವರೆಗೆ ಸುಲಿಯುವುದು ಬಿಟ್ಟು ಎದ್ದು ಮಗುವನ್ನು ಒಳಗೆ ಕರೆದೊಯ್ದು ಕಥೆ ಹೇಳಿ ಮಲಗಿಸಿ. ಅರ್ಧ ಡಬ್ಬ ಅಡಿಕೆ ಕಡಿಮೆಯಾಗಬಹುದು, ಅಷ್ಟೇ ತಾನೆ. ಸಂಜೆ ಬೇಕಾದರೆ ಉದುರಿದ ಅಡಿಕೆ ಹೆಕ್ಕಿ ಬುಟ್ಟಿಗೆ ಹಾಕುವ ಕೆಲಸ ಕೊಡಿ, ಆಟದ ಹಾಗೆ, ಸಾಕೆನಿಸಿದಾಗ ಬಿಟ್ಟು ಓಡುವ ಹಾಗೆ. ಮೆಟ್ಟುಗತ್ತಿ ಮಾತ್ರ ದೂರ ಇರಲಿ.

ಇನ್ನು ಮನೆ ಮತ್ತು ಶಾಲೆ ಒಂದನ್ನೊಂದು ಗುಮ್ಮ ಮಾಡುವುದನ್ನು ಬಿಡುವುದು ಹೇಗೆ? ಎಸ್‌ಡಿಎಂಸಿ, ಅಂದರೆ ತಂದೆತಾಯಿಯರೂ ಇರುವ ಶಾಲಾಭಿವೃದ್ಧಿ ಸಮಿತಿಯ ಸಭೆಗಳಲ್ಲಿ ಹೆಂಚು, ಶೌಚಾಲಯ, ಬಿಸಿಯೂಟದ ಮೊಟ್ಟೆ ಎಲ್ಲ ಚರ್ಚೆಯಾಗುತ್ತದೆ, ಆಗಬೇಕಾದ್ದೇ. ಅದರ ಜೊತೆಗೆ ಹತ್ತು ನಿಮಿಷ, ಮಗು ಹೊಡೆದಾಗ ನಾವು ಏನು ಹೇಳ್ತೇವೆ, ನೀವು ಏನು ಹೇಳ್ತೀರಿ ಅಂತ ಮಾತಾಡಿಕೊಳ್ಳಿ. ಎರಡೂ ಕಡೆ ಒಂದೇ ಮಾತು ಕೇಳಿಸಿದರೆ ಮಗುವಿಗೆ ಅರ್ಧ ಕೆಲಸ ಸುಲಭ. ಶಿಕ್ಷಕ ಮಿತ್ರರಿಗೂ ಒಂದು ಕೋರಿಕೆ. ತಿಂಗಳಿಗೊಮ್ಮೆ ಒಂದು ಮನೆಗಾದರೂ ಒಳ್ಳೆಯ ಸುದ್ದಿ ಹೇಳಲಿಕ್ಕೆ ಅಂತಲೇ ಫೋನ್ ಮಾಡಿ: ನಿಮ್ಮ ಮಗಳು ಇವತ್ತು ಬಿದ್ದ ಹುಡುಗನನ್ನು ಎತ್ತಿ ನೀರು ಕೊಟ್ಟಳು, ಇಷ್ಟೇ. ಮೊದಲ ಸಲ ಆ ಕಡೆಯಿಂದ ಬರುವ ಪ್ರಶ್ನೆ, "ಅಯ್ಯೋ, ಏನ್ ಮಾಡಿದ್ಲು ಮೇಡಂ?" ಅಂತಲೇ ಇರುತ್ತದೆ. ನಗಬೇಡಿ, ನಿಧಾನಕ್ಕೆ ಇನ್ನೊಂದು ಸಲ ಹೇಳಿ.

ನಮಸ್ಕಾರ.