ಮುಲಾಮು ಚರ್ಮಕ್ಕೆ, ಗುರುತು ರಕ್ತದಲ್ಲಿ

ಕೇಳುಗರಿಗೆ ನಮಸ್ಕಾರ.

ಸೋರಿಯಾಸಿಸ್ ಎಂಬ ಚರ್ಮರೋಗ ಇರುವವರ ಮೈಗೆ ಕೋಲ್‌ಟಾರ್ (ಕಲ್ಲಿದ್ದಲಿನ ಡಾಂಬರು) ಹಚ್ಚಿ, ಆಮೇಲೆ ಅತಿನೇರಳೆ ಬೆಳಕು ಕೊಡುವ ಪದ್ಧತಿಯನ್ನು ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯ ವಿಲಿಯಂ ಗೋಕರ್‌ಮನ್ 1925ರಲ್ಲಿ ಪ್ರಕಟಿಸಿದರು. ಗುಣವೇನೋ ಕಾಣುತ್ತದೆ. ಆದರೆ ಟಾರಿನಲ್ಲಿರುವ ಬೆಂಜೋಪೈರೀನ್‌ನಂಥ ವಸ್ತುಗಳು ಚರ್ಮದಿಂದ ಒಳಗಿಳಿದು ಡಿಎನ್‌ಎಗೆ ಅಂಟಿಕೊಳ್ಳಬಲ್ಲವು. ಒಳಗೆ ಇಳಿದದ್ದನ್ನು ಟಾರಿನ ಪೈರೀನ್ ಮೈಯೊಳಗೆ ಬದಲಾಗಿ ಮೂತ್ರಕ್ಕೆ ಬರುವ 1-ಹೈಡ್ರಾಕ್ಸಿಪೈರೀನ್ ಹೇಳುತ್ತದೆ. ಹಾನಿಯಾಯಿತೇ ಎಂದು ಕೇಳಬೇಕಾದದ್ದು ರಕ್ತದ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳನ್ನು. ಅವು ಮೈಯೆಲ್ಲ ಸುತ್ತುತ್ತವೆ, ಹಲವು ಬಹುಕಾಲ ಬಾಳುತ್ತವೆ, ವಿಭಜನೆಯಾಗದೆ ಸುಮ್ಮನಿರುವುದೇ ಹೆಚ್ಚು. ಆದ್ದರಿಂದ ರಿಪೇರಿಯಾಗದೆ ಉಳಿದ ಪೆಟ್ಟು ವಿಭಜನೆಯ ಹೊತ್ತಿಗೆ ಬಯಲಾಗುತ್ತದೆ.

ರಕ್ತವನ್ನು, ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುವ ಟ್ಯೂಬಿಗೇ ತೆಗೆಯಬೇಕು. ಇಡಿಟಿಎ ಟ್ಯೂಬ್ ಬೇಡ, ಅದು ಕ್ಯಾಲ್ಸಿಯಂ ಹಿಡಿದಿಟ್ಟು ಕಲ್ಚರ್ (ಕೋಶ ಬೆಳೆಸುವ ಕೆಲಸ) ಕೆಡಿಸುತ್ತದೆ. ಪೋಷಕ ದ್ರವದಲ್ಲಿ 37 ಡಿಗ್ರಿಯಲ್ಲಿಟ್ಟು, ಫೈಟೋಹೀಮಾಗ್ಲುಟಿನಿನ್ ಹಾಕಿ ಕೋಶಗಳನ್ನು ವಿಭಜನೆಗೆ ಎಬ್ಬಿಸುತ್ತಾರೆ. 44ನೆಯ ಗಂಟೆಗೆ ಸೈಟೋಕಲಾಸಿನ್-ಬಿ ಸೇರಿಸಿದರೆ ನ್ಯೂಕ್ಲಿಯಸ್ ಎರಡಾಗುತ್ತದೆ, ಕೋಶ ಮಾತ್ರ ಒಡೆಯದೆ ಒಂದೇ ಉಳಿಯುತ್ತದೆ. 72ನೆಯ ಗಂಟೆಗೆ ಸ್ಲೈಡ್ ಮಾಡಿ, ಜೀಮ್ಸಾ ಬಣ್ಣ ಹಾಕಿ, ಇಂಥ ಜೋಡಿ ನ್ಯೂಕ್ಲಿಯಸ್ಸಿನ 1000 ಕೋಶ ನೋಡುತ್ತಾರೆ. ತುಂಡಾದ ಅಥವಾ ಹಿಂದುಳಿದ ವರ್ಣತಂತು ಪಕ್ಕದಲ್ಲಿ ಪುಟ್ಟ ಚುಕ್ಕೆಯಾಗಿ ಕೂತಿರುತ್ತದೆ. ಅದೇ ಮೈಕ್ರೋನ್ಯೂಕ್ಲಿಯಸ್. ಅದರ ವ್ಯಾಸ ಮುಖ್ಯ ನ್ಯೂಕ್ಲಿಯಸ್ಸಿನ ಹದಿನಾರನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದೊಳಗಿರಬೇಕು, ಅಂಚು ನುಣುಪಾಗಿರಬೇಕು. ಫೋಕಸ್ ಸರಿಸಿದಾಗ ಮಿನುಗಿದರೆ ಅದು ಬಣ್ಣದ ಕಸ.

ಡಿಎನ್‌ಎ ಹಾನಿ ನೋಡುವ ಇನ್ನೊಂದು ವಿಧಾನವಾದ ಕಾಮೆಟ್ ಪರೀಕ್ಷೆ ಬೇಗ ಮುಗಿಯುತ್ತದೆ, ಒಪ್ಪೋಣ. ಜೆಲ್‌ನಲ್ಲಿ ವಿದ್ಯುತ್ ಹರಿಸಿದಾಗ ತುಂಡು ಡಿಎನ್‌ಎ ಬಾಲದಂತೆ ಚಾಚಿಕೊಳ್ಳುತ್ತದೆ. ಆದರೆ ಸೋರಾಲೆನ್ ಎಂಬ ಔಷಧಿ ಕೊಟ್ಟು ಯುವಿಎ (ಒಂದು ಬಗೆಯ ಅತಿನೇರಳೆ ಬೆಳಕು) ಹಾಯಿಸುವ ಚಿಕಿತ್ಸೆಯಲ್ಲಿ ಇದನ್ನು ನೆಚ್ಚಿಕೊಂಡರೆ ಮೋಸ ಹೋದ ಹಾಗೆ. ಸೋರಾಲೆನ್ ಡಿಎನ್‌ಎಯ ಎರಡೂ ಎಳೆಗಳನ್ನು ಹೊಲಿದುಬಿಡುವುದರಿಂದ ಹಾನಿಯಿದ್ದೂ ಬಾಲ ಮೋಟಾಗುತ್ತದೆ.

ಎಡವಟ್ಟು ಹೆಚ್ಚಾಗಿ ಆಗುವುದು ಹೋಲಿಕೆಯಲ್ಲಿ. ವಯಸ್ಸು ಏರಿದಂತೆ ಮೈಕ್ರೋನ್ಯೂಕ್ಲಿಯಸ್ ಏರುತ್ತದೆ, ಹೆಂಗಸರಲ್ಲಿ ತುಸು ಹೆಚ್ಚು. ಬೀಡಿ-ಸಿಗರೇಟಿನ ಹೊಗೆಯಲ್ಲೂ ಅದೇ ಬೆಂಜೋಪೈರೀನ್. ಸೋರಿಯಾಸಿಸ್‌ಗೇ ಕೊಡುವ ಮೆಥೋಟ್ರೆಕ್ಸೇಟ್ ಮಾತ್ರೆ ನುಂಗುವವರಲ್ಲಿ ಫೋಲೇಟ್ ಎಂಬ ವಿಟಮಿನ್ನಿನ ಕೊರತೆಯೇ ಚುಕ್ಕೆ ಹುಟ್ಟಿಸಬಹುದು, ಅಪವಾದ ಟಾರಿಗೆ. ಅದಕ್ಕೇ ಮೊದಲ ಲೇಪಕ್ಕೆ ಮುಂಚೆ ಒಮ್ಮೆ, ಚಿಕಿತ್ಸೆ ಮುಗಿದ ಮೇಲೆ ಒಮ್ಮೆ, ಅದೇ ವ್ಯಕ್ತಿಯ ರಕ್ತವನ್ನೇ ತೆಗೆಯಬೇಕು. ಎಣಿಸುವವರಿಗೆ ಯಾವುದು ಮೊದಲಿನದು ಎಂದು ತಿಳಿಯದ ಹಾಗೆ ಸ್ಲೈಡಿಗೆ ಸಂಕೇತಸಂಖ್ಯೆ ಬರೆಯಬೇಕು.

ಒಬ್ಬರಲ್ಲಿ ಸಾವಿರಕ್ಕೆ 8 ಇದ್ದದ್ದು 12 ಆಯಿತೆಂದುಕೊಳ್ಳಿ. ಅಷ್ಟು ಏರುಪೇರು ಆಕಸ್ಮಿಕವಾಗಿಯೂ ಬಂದೀತು. ಚಿಕಿತ್ಸೆ ನಿಲ್ಲಿಸುವ ಮಾತು ಆಗಲೇ ಬೇಡ. ಇನ್ನೂ 1000 ಕೋಶ ಎಣಿಸಿ, ಉಳಿದ ರೋಗಿಗಳ ಲೆಕ್ಕವೂ ಅದೇ ದಿಕ್ಕಿಗೆ ಹೊರಳಿದೆಯೇ ಎಂದು ನೋಡಬೇಕು.