ಸಿಂಹ ನಮ್ಮೂರಿಗೆ ಹೇಗೆ ಬಂತು?

ಶಿವಮೊಗ್ಗದಿಂದ ಸಾಗರ ರಸ್ತೆ ಹಿಡಿದಿದ್ದೇನೆ. ಜಿಟಿಜಿಟಿ ಮಳೆ. ವೈಪರ್ ಹಾಕಿದರೆ ಕಿರ್ರೋ ಅನ್ನುತ್ತದೆ, ನಿಲ್ಲಿಸಿದರೆ ದಾರಿ ಕಾಣುವುದಿಲ್ಲ. ಇನ್ನೊಂದು ಸ್ವಲ್ಪ ದೂರ ಹೋದರೆ ತ್ಯಾವರೆಕೊಪ್ಪ. 1988ರಲ್ಲಿ ಶುರುವಾದ ಹುಲಿ-ಸಿಂಹ ಸಫಾರಿ. ನಮಗೆ ಶಾಲೆ ಪ್ರವಾಸ ಅಂದರೆ ಮೊದಲು ಇದು, ಆಮೇಲೆ ಜೋಗ.

ಆಗಲೇ ನನಗೊಂದು ಅನುಮಾನ. ಮಲೆನಾಡಿಗೆ ಸಿಂಹ ಎಲ್ಲಿಂದ ಬಂತು? ಮೇಷ್ಟ್ರನ್ನು ಕೇಳಿದೆ. "ಸುಮ್ನೆ ನೋಡೋ" ಅಂದರು.

ಝೂಗಳು ಪ್ರಾಣಿಗಳನ್ನು ಕೊಟ್ಟು ತರುತ್ತವೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಬಿಟ್ಟು. ನಮ್ಮಜ್ಜಿ ಬೀಜದ ಭತ್ತ ಬದಲಾಯಿಸುತ್ತಿದ್ದರಲ್ಲ, ಹಾಗೇ. ಒಂದೇ ಗದ್ದೆ ಬೀಜ ಮತ್ತೆ ಮತ್ತೆ ಬಿತ್ತಬಾರದು ಅಂತ ಪಕ್ಕದೂರಿನವರಿಗೆ ಒಂದು ಕೊಳಗ ಕೊಟ್ಟು ಒಂದು ಕೊಳಗ ತರುತ್ತಿದ್ದರು. ಪ್ರಾಣಿಗಳದ್ದೂ ಅದೇ ಚಿಂತೆ. ಒಂದೇ ಮನೆತನದೊಳಗೆ ಮರಿ ಆಗುತ್ತಾ ಹೋದರೆ ಸಂತತಿ ಸೊರಗುತ್ತದೆ.

ಮೊದಲು ಇಷ್ಟು ಯೋಚನೆ ಯಾರಿಗೂ ಇರಲಿಲ್ಲ. ಮೈಸೂರು ಮೃಗಾಲಯ 1892ರಲ್ಲಿ ಶುರುವಾದಾಗ ಪ್ರಾಣಿಗಳು ದುಡ್ಡಿಗೆ ಸಿಗುತ್ತಿದ್ದವು. ಜರ್ಮನಿಯ ಹಾಂಬರ್ಗ್‌ನಲ್ಲಿ ಹಾಗೆನ್‌ಬೆಕ್ ಅನ್ನುವವರು ಅದನ್ನೇ ದೊಡ್ಡ ವ್ಯಾಪಾರ ಮಾಡಿಕೊಂಡಿದ್ದರು. ಬೇರೆ ಬೇರೆ ಕಡೆಯಿಂದ ತಂದಿದ್ದನ್ನೆಲ್ಲ ಬೆರೆಸಿದ್ದೂ ಆಯಿತು. ಚಂಡೀಗಢದ ಹತ್ತಿರದ ಛತ್‌ಬೀರ್‌ನಲ್ಲಿ ಸರ್ಕಸ್‌ನ ಆಫ್ರಿಕಾ ಸಿಂಹಗಳನ್ನು ನಮ್ಮ ಏಷ್ಯಾ ಸಿಂಹಗಳ ಜೊತೆ ಸೇರಿಸಿ, ಕೊನೆಗೆ ಎಲ್ಲಾ ಮಿಶ್ರತಳಿ! ಮುಂದೆ ಮರಿ ಆಗದಂತೆ ಆಪರೇಷನ್ ಮಾಡಬೇಕಾಯಿತು. ಬೀಜದ ಚೀಲಕ್ಕೆ ಹೆಸರು ಬರೆಯದೆ ಇಟ್ಟ ಹಾಗೆ, ಅಲ್ವಾ?

1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ. ಈಗ ಹುಲಿ, ಸಿಂಹದಂಥ ಪ್ರಾಣಿಯನ್ನು ಇನ್ನೊಂದು ಝೂಗೆ ಕಳಿಸಬೇಕಾದರೆ ಈ ಪ್ರಾಧಿಕಾರದ ಒಪ್ಪಿಗೆ ಬೇಕೇ ಬೇಕು. ಯಾವುದಕ್ಕೆ ಯಾರು ಅಪ್ಪ, ಯಾರು ಅಮ್ಮ ಅಂತ ದಾಖಲೆಯೂ ಇಡುತ್ತಾರೆ.

ಹಾವು ಮೊಸಳೆಗಳ ಕಥೆ ಇನ್ನೂ ಮಜಾ. ರೋಮುಲಸ್ ವಿಟೇಕರ್ ಗೊತ್ತಲ್ಲ, ನಮ್ಮ ಆಗುಂಬೆಯಲ್ಲಿ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದವರು. ಅದಕ್ಕೂ ಮೊದಲು, 1976ರಲ್ಲಿ, ಮದ್ರಾಸಿನ ಹತ್ತಿರ ಮೊಸಳೆ ಬ್ಯಾಂಕ್ ಕಟ್ಟಿದ್ದರು. ಅಳಿದುಹೋಗುತ್ತಿರುವ ಮೊಸಳೆ ಉಳಿಯಲಿ ಅಂತ ಮಾಡಿದ್ದು. ಅವು ಎಷ್ಟು ಜಾಸ್ತಿಯಾದವು ಅಂದರೆ, ಆಮೇಲೆ ಯಾರಿಗೆ ಕೊಡೋಣ ಅನ್ನುವುದೇ ತಲೆನೋವು.

ಒಮ್ಮೆ ಬೇರೊಂದು ಊರಿನ ಝೂನಲ್ಲಿ ಹೆಬ್ಬಾವು ಬಂದಿಳಿಯುವುದನ್ನು ನೋಡಿದ್ದೆ. ಗಾಳಿ ತೂತಿನ ಮರದ ಪೆಟ್ಟಿಗೆ, ಅದರೊಳಗೆ ಬಾಯಿ ಕಟ್ಟಿದ ಬಟ್ಟೆ ಚೀಲ. ಹೊರಡುವ ಮೊದಲು ಕೆಲವು ದಿನ ಊಟ ಕೊಡುವುದಿಲ್ಲವಂತೆ, ದಾರಿಯಲ್ಲಿ ಕಕ್ಕಿಬಿಡುತ್ತದೆ. ಕೀಪರ್ ಗಂಟು ಬಿಚ್ಚಿ ಹಿಂದೆ ಸರಿದರು. ಐದು ನಿಮಿಷ ಏನೂ ಇಲ್ಲ. ಆಮೇಲೆ ನಾಲಿಗೆ ಹೊರಬಂತು. ತಲೆ, ಮೈ, ನಿಧಾನಕ್ಕೆ ಇಡೀ ಹಾವು. ಯಾರ ಕಡೆಗೂ ನೋಡದೆ ಸೀದಾ ನೀರಿನ ತೊಟ್ಟಿಗೆ ಇಳಿದು ಸುರುಳಿ ಸುತ್ತಿಕೊಂಡಿತು. ಮೂಗು ಮಾತ್ರ ನೀರಿನ ಮೇಲೆ.

ಓ, ಗೇಟು ಬಂತು. ಟಿಕೆಟ್ ತಗೊಂಡು ಬರುತ್ತೇನೆ, ಇರಿ.